ಬಿಸಿಲ ನಾಡಿನ ವಾಹನಕ್ಕೆ ಯಾವ ಎಣ್ಣೆ?

ಎತ್ತಿನ ಗಾಡಿಯ ಕಾಲದಲ್ಲಿ ನಮ್ಮ ಹೊಸದುರ್ಗ ಸೀಮೆಯ ರೈತನು ದೂರದ ಜಾತ್ರೆಗೆ ಹೊರಡುವ ಮುನ್ನ ಅಚ್ಚಿನ ಕೀಲೆಣ್ಣೆಯನ್ನು ನೋಡದೆ ಗಾಡಿ ಹೂಡುತ್ತಿರಲಿಲ್ಲ. ಎತ್ತಿಗೆ ಮೇವು, ಮಕ್ಕಳಿಗೆ ಬುತ್ತಿ, ಅಚ್ಚಿಗೆ ಹರಳೆಣ್ಣೆ ಇವು ಮೂರೂ ಸಿದ್ಧವಾದ ಮೇಲೆಯೇ ಪ್ರಯಾಣ. ಇಂದು ಅನೇಕ ಮನೆಗಳ ಅಂಗಳದಲ್ಲಿ ಎತ್ತಿನ ಗಾಡಿಯಿದ್ದ ಎಡೆಯಲ್ಲಿ ಕಾರು ನಿಂತಿದೆ. ಆದರೆ ಹೊರಡುವ ಮುನ್ನ ಎಣ್ಣೆ ನೋಡುವ ಹಿರಿಯರ ಆ ಒಳ್ಳೆಯ ರೂಢಿ ಕಾರಿನ ಜೊತೆಗೆ ಮುಂದುವರಿದು ಬಂದಿಲ್ಲ. ಅದರ ಫಲವನ್ನು ನಾವೇ ಒಮ್ಮೆ ಕಣ್ಣಾರೆ ಕಂಡೆವು. ಅದರಲ್ಲಿ ನಮ್ಮ ಪಾಲಿನ ತಪ್ಪೂ ಇದ್ದುದರಿಂದ ಈ ಲೇಖನವನ್ನು ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

2019ರ ಏಪ್ರಿಲ್ ತಿಂಗಳು. ಮತ್ತೋಡಿನ ಭಕ್ತರೊಬ್ಬರ ಹಳೆಯ ಡೀಸೆಲ್ ಕಾರಿನಲ್ಲಿ ಹಿರಿಯೂರಿನ ಲಗ್ನವೊಂದಕ್ಕೆ ಹೊರಟಿದ್ದೆವು. ಮನೆಯ ಹಿರಿಯ ಮಗ ಕಾರು ನಡೆಸುತ್ತಿದ್ದನು. ದಾರಿಯಲ್ಲಿ ಅವನ ಮುಂದಿನ ಫಲಕದಲ್ಲಿ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪ ಹೊತ್ತಿಕೊಂಡಿತು. "ಅಯ್ಯನವರೇ, ಒಂದು ಗಳಿಗೆ ನಿಲ್ಲಿಸಿ ನೋಡಲೆ?" ಎಂದು ಕೇಳಿದನು. ಮುಹೂರ್ತ ಮೀರುವುದೆಂಬ ಆತುರದಲ್ಲಿದ್ದ ನಾವು, "ಬಿಸಿಲಿಗೆ ಹಾಗಾಗಿರಬೇಕು ತಮ್ಮಾ, ನಡೆ, ಊರು ಸೇರಿ ನೋಡೋಣ" ಎಂದೆವು. ಹಿರಿಯರ ಮಾತನ್ನು ಅವನು ಮೀರಲಿಲ್ಲ. ಎರಡು ಮೂರು ಮೈಲಿ ಹೋಗುವಷ್ಟರಲ್ಲಿ ಎಂಜಿನ್ ಕಟಕಟನೆ ಸದ್ದು ಮಾಡಿ ಹಿಡಿದುಕೊಂಡಿತು. ಅದನ್ನು ಬಿಚ್ಚಿ ಕಟ್ಟಿಸಲು ತಗುಲಿದ ಹಣ ಆ ಮನೆಯ ಮಗಳ ಕಾಲೇಜು ಶುಲ್ಕಕ್ಕೆಂದು ಕೂಡಿಟ್ಟಿದ್ದುದು. ಆ ತಾಯಿ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅನ್ನದಿದ್ದುದೇ ನಮಗೆ ಹೆಚ್ಚು ನೋವಾಯಿತು.

ಊರಿನವರೆಲ್ಲ ಬಿಸಿಲನ್ನು ದೂರಿದರು. "ಬೇಸಿಗೆಗೆ ಗಟ್ಟಿ ಎಣ್ಣೆ ಹಾಕಿಸಬೇಕಿತ್ತು" ಎಂಬುದೇ ಎಲ್ಲರ ಅಭಿಪ್ರಾಯ. ಎಂಜಿನ್ ಬಿಚ್ಚಿದ ಹಿರಿಯ ಮೇಸ್ತ್ರಿಯವರು ಮಾತ್ರ ನಕ್ಕು, "ಎಣ್ಣೆ ತೆಳುವೋ ಗಟ್ಟಿಯೋ ಆಮೇಲಿನ ಮಾತು ಅಯ್ಯನವರೇ, ಇದರೊಳಗೆ ಎಣ್ಣೆಯೇ ಇರಲಿಲ್ಲ" ಎಂದರು. ಹಳೆಯ ಎಂಜಿನ್ ದಿನವೂ ಸ್ವಲ್ಪ ಸ್ವಲ್ಪ ಎಣ್ಣೆ ಸುಡುತ್ತಿತ್ತು. ಅಳತೆಯ ಕಡ್ಡಿಯನ್ನು ತಿಂಗಳುಗಟ್ಟಲೆ ಯಾರೂ ಎಳೆದು ನೋಡಿರಲಿಲ್ಲ. ಅಂದಿನಿಂದ ಈ ವಿಷಯವನ್ನು ಬಲ್ಲವರಿಂದ ಕೇಳಿ, ಓದಿ ತಿಳಿದುಕೊಂಡುದನ್ನು ಇಲ್ಲಿ ಅರಿಕೆ ಮಾಡುತ್ತೇವೆ.

ಗಾಜು ಕಲಿಸುವ ಪಾಠ

ವೇದಾವತಿಯ ಸೀಮೆಯ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗಳಿಗೆ ಹೆಸರಾದ ಊರು. ಹತ್ತೊಂಬತ್ತನೆಯ ಶತಮಾನದಲ್ಲಿ ಬಿ. ಎಲ್. ರೈಸ್ ಅವರು ಸಿದ್ಧಪಡಿಸಿದ ಮೈಸೂರು ಗೆಜೆಟಿಯರಿನಲ್ಲಿಯೂ ಇಲ್ಲಿನ ಬಳೆಯ ಕೈಗಾರಿಕೆಯ ಪ್ರಸ್ತಾಪವಿದೆ. ಕುಲುಮೆಯ ಶಾಖದಲ್ಲಿ ಗಾಜು ಜೇನಿನಂತೆ ಹರಿಯುತ್ತದೆ, ಶಾಖ ಇಳಿದಂತೆ ಬಿಗಿಯುತ್ತದೆ. ಹೆಚ್ಚು ಕಾಯ್ದರೆ ಆಕಾರ ನಿಲ್ಲದು, ಕಡಿಮೆಯಾದರೆ ಬಳೆಯಾಗಿ ಬಾಗದು. ಎಂಜಿನ್ ಎಣ್ಣೆಯ ಮರ್ಮವೂ ಇದೇ. ಅದನ್ನು ಸ್ನಿಗ್ಧತೆ ಎನ್ನುವರು. ಕಾಯ್ದಂತೆ ಎಣ್ಣೆ ತೆಳುವಾಗುತ್ತದೆ. 40 ಡಿಗ್ರಿಯಲ್ಲಿರುವ ಎಣ್ಣೆಯು 100 ಡಿಗ್ರಿಗೆ ಏರುವಷ್ಟರಲ್ಲಿ ಸುಮಾರು ಐದಾರು ಪಟ್ಟು ಅಥವಾ ಅದಕ್ಕಿಂತ ಹೆಚ್ಚು ತೆಳುವಾಗುವುದುಂಟು. ಆ ಶಾಖದಲ್ಲಿಯೂ ಲೋಹಕ್ಕೂ ಲೋಹಕ್ಕೂ ನಡುವೆ ತೆಳುಪದರವಾಗಿ ನಿಲ್ಲುವುದೇ ಎಣ್ಣೆಯ ಕಾಯಕ.

ಡಬ್ಬಿಯ ಮೇಲಿನ ಅಂಕಿಗಳು

ಡಬ್ಬಿಯ ಮೇಲೆ 5ಡಬ್ಲ್ಯು-30, 15ಡಬ್ಲ್ಯು-40, 20ಡಬ್ಲ್ಯು-50 ಎಂಬಂತಹ ಬರಹಗಳಿರುತ್ತವೆ. ಇವು ಎಸ್‌ಎಇ ಎಂಬ ಅಮೆರಿಕದ ಎಂಜಿನಿಯರುಗಳ ಸಂಘವು ಗೊತ್ತುಪಡಿಸಿದ ದರ್ಜೆಗಳು. ಡಬ್ಲ್ಯು ಎಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸುಲಭವಾಗಿ ಹರಿಯುವುದೆಂಬುದನ್ನು ತಿಳಿಸುತ್ತದೆ. ಅದು ಚಿಕ್ಕದಾದಷ್ಟೂ ಹೆಚ್ಚಿನ ಚಳಿಯಲ್ಲಿ ಎಂಜಿನ್ ಸುಲಭವಾಗಿ ಹೊರಡುವುದು. ಕೊನೆಯ ಅಂಕಿ ಎಂಜಿನ್ ಕಾಯ್ದಾಗಿನ ದಪ್ಪವನ್ನು ಸೂಚಿಸುತ್ತದೆ. 100 ಡಿಗ್ರಿಯಲ್ಲಿ 30ರ ದರ್ಜೆಗೆ 9.3ರಿಂದ 12.5 ಸೆಂಟಿಸ್ಟೋಕ್, 40ರ ದರ್ಜೆಗೆ 12.5ರಿಂದ 16.3 ಸೆಂಟಿಸ್ಟೋಕ್ ಎಂದು ನಿಗದಿಯಾಗಿದೆ.

ಅಂಕಿಗಳ ಜೊತೆಗೆ ಎಪಿಐ ಎಂಬ ಗುಣದರ್ಜೆಯನ್ನೂ ಓದಬೇಕು. ಪೆಟ್ರೋಲ್ ಎಂಜಿನ್ನಿನ ಎಣ್ಣೆಗೆ ಎಸ್ ಅಕ್ಷರ, ಡೀಸೆಲ್ ಎಂಜಿನ್ನಿನದಕ್ಕೆ ಸಿ ಅಕ್ಷರ ಮೊದಲು ಬರುತ್ತದೆ. ಪೆಟ್ರೋಲ್ ವಾಹನಗಳಿಗೆ ಎಸ್‌ಪಿ ದರ್ಜೆ 2020ರಲ್ಲಿಯೂ ಎಸ್‌ಕ್ಯೂ ದರ್ಜೆ 2025ರಲ್ಲಿಯೂ ಬಳಕೆಗೆ ಬಂದವು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ನಿಯಮದ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಕವಿರುತ್ತದೆ. ಅವುಗಳಿಗೆ ಬೂದಿ ಕಡಿಮೆ ಬಿಡುವ ಎಣ್ಣೆಯೇ ಆಗಬೇಕು. ಟ್ರಾಕ್ಟರಿಗೆಂದು ತಂದಿಟ್ಟ ಬಕೆಟ್ಟಿನ ಎಣ್ಣೆಯನ್ನು "ಎಲ್ಲವೂ ಎಣ್ಣೆಯೇ ತಾನೆ" ಎಂದು ಇಂತಹ ಕಾರಿಗೆ ಸುರಿದರೆ ಆ ಸೋಸುಕ ಬೇಗ ಕಟ್ಟಿಕೊಳ್ಳುವುದು. ಹಾಗೆಯೇ ಕಾರಿನ ಎಣ್ಣೆಯನ್ನು ಮೋಟಾರ್ ಸೈಕಲ್ಲಿಗೂ ಹಾಕಬಾರದು. ಅನೇಕ ಮೋಟಾರ್ ಸೈಕಲ್ಲುಗಳ ಕ್ಲಚ್ ಎಂಜಿನ್ ಎಣ್ಣೆಯಲ್ಲಿಯೇ ಮುಳುಗಿರುವುದರಿಂದ ಅದು ಜಾರುವ ಸಂಭವವುಂಟು.

ಬಿಸಿಲು ಎಷ್ಟರ ಮಟ್ಟಿಗೆ ಕಾರಣ?

ನಮ್ಮ ಸೀಮೆಯಲ್ಲಿ ಪುಷ್ಯದ ಹಗಲಿಗೂ ಚೈತ್ರದ ಹಗಲಿಗೂ ಇರುವ ಅಂತರ ಹತ್ತು ಡಿಗ್ರಿಯ ಆಸುಪಾಸು. ಎಂಜಿನ್ನಿನ ಒಳಗಾದರೋ ಥರ್ಮೋಸ್ಟಾಟ್ ಎಂಬ ಬಾಗಿಲು ತಂಪುನೀರನ್ನು ವರ್ಷವಿಡೀ 80ರಿಂದ 90 ಡಿಗ್ರಿಯ ಹತ್ತಿರವೇ ಇರಿಸುತ್ತದೆ. ಕಾಯ್ದ ಎಂಜಿನ್ನಿನ ಎಣ್ಣೆ ಸಾಮಾನ್ಯವಾಗಿ 90ರಿಂದ 110 ಡಿಗ್ರಿಯಲ್ಲಿರುತ್ತದೆ. ಆದ್ದರಿಂದ ಹೊರಗಿನ ಬಿಸಿಲೊಂದನ್ನೇ ನೋಡಿ ಎಣ್ಣೆಯನ್ನು ಗಟ್ಟಿ ಮಾಡುವುದು ಸರಿಯಲ್ಲ. ಹಿಂದಿನ ಅಂಬಾಸಿಡರ್ ಕಾರುಗಳ ಕಾಲದಲ್ಲಿ ದಪ್ಪ ಎಣ್ಣೆಯೇ ರೂಢಿಯಾಗಿತ್ತು. ಈಗಿನ ಅನೇಕ ಪೆಟ್ರೋಲ್ ಕಾರುಗಳ ಒಳಸಂದುಗಳು ಕಿರಿದು, ಎಣ್ಣೆಯ ಹಾದಿಗಳು ಸಣ್ಣವು. 0ಡಬ್ಲ್ಯು-20 ಅಥವಾ 5ಡಬ್ಲ್ಯು-30 ಕೇಳುವ ಎಂಜಿನ್ನಿಗೆ 20ಡಬ್ಲ್ಯು-50 ಹಾಕಿದರೆ ಬೆಳಗಿನ ಹೊತ್ತು ಎಣ್ಣೆ ಮೇಲಿನ ಭಾಗಗಳಿಗೆ ಏರಲು ತಡವಾಗಿ ಸವೆತ ಹೆಚ್ಚುವುದು, ಇಂಧನವೂ ಹೆಚ್ಚು ಬೇಕಾಗುವುದು.

ಹಾಗಾದರೆ ಬಿಸಿಲಿಗೆ ಲೆಕ್ಕವೇ ಇಲ್ಲವೆ? ಇದೆ. ಕೆಲವು ಕಾರುಗಳ ಕೈಪಿಡಿಯಲ್ಲಿ ಹವೆಗೆ ತಕ್ಕಂತೆ ಎರಡು ಮೂರು ದರ್ಜೆಗಳ ಪಟ್ಟಿಯಿರುತ್ತದೆ. ಅಂತಹ ಪಟ್ಟಿಯಿದ್ದಲ್ಲಿ, ತುಂಬಿದ ಸಂಸಾರವನ್ನು ಹೊತ್ತು, ತಂಪುಯಂತ್ರ ಹಾಕಿ, ಏರುದಾರಿಯಲ್ಲಿ ಓಡುವ ವಾಹನಕ್ಕೆ ಅದರಲ್ಲಿನ ಹೆಚ್ಚಿನ ಕೊನೆಯಂಕಿಯನ್ನು ಆರಿಸಬಹುದು. ಎಣ್ಣೆ ಸುಡುವ ಹಳೆಯ ಎಂಜಿನ್ನಿಗೂ ಇದೇ ಮಾತು. ಪಟ್ಟಿಯಲ್ಲಿ ಇಲ್ಲದುದನ್ನು ಮಾತ್ರ ಹಾಕಬಾರದು. ಶಾಖ ಏರಿದಂತೆ ಎಣ್ಣೆ ಬೇಗ ಹಳಸುತ್ತದೆ. ಕೈಗೆಟುಕುವವರಿಗೆ ಸಿಂಥೆಟಿಕ್ ಎಣ್ಣೆ ಈ ಹಳಸುವಿಕೆಯನ್ನು ಹೆಚ್ಚು ತಡೆದುಕೊಳ್ಳುವುದು. ತಂಪುನೀರು ಕಡಿಮೆಯಾಗಿ ಎಂಜಿನ್ ಕುದಿದರಂತೂ ಯಾವ ಎಣ್ಣೆಯೂ ಕಾಯಲಾರದು.

ನಮ್ಮ ಸೀಮೆಯಲ್ಲಿ ಬಿಸಿಲಿಗಿಂತ ದೊಡ್ಡ ಶತ್ರು ಧೂಳು. ಹೊಲದ ದಾರಿ, ಮಣ್ಣಿನ ರಸ್ತೆ, ಬೇಸಿಗೆಯ ಗಾಳಿ ಇವೆಲ್ಲ ಕೂಡಿ ಗಾಳಿಯ ಸೋಸುಕವನ್ನು ಬೇಗ ಕಟ್ಟಿಸುತ್ತವೆ. ಹರಿದ ಸೋಸುಕದ ಮೂಲಕ ಒಳಹೊಕ್ಕ ಮರಳಿನ ಕಣ ಎಣ್ಣೆಯನ್ನು ಸಾಣೆಯಂತೆ ಮಾಡುತ್ತದೆ. ಆದುದರಿಂದ ಕೈಪಿಡಿಯಲ್ಲಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ ಎಂದಿದ್ದರೂ, ಧೂಳಿನ ದಾರಿಗೆ ಅದರಲ್ಲಿಯೇ ಹೇಳಿರುವ ಕಡಿಮೆ ಅವಧಿಯನ್ನು ಪಾಲಿಸುವುದು ಲೇಸು.

ಗೃಹಸ್ಥರು ಪಾಲಿಸಬೇಕಾದುದು

ವಾರಕ್ಕೊಮ್ಮೆ ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಅಳತೆಯ ಕಡ್ಡಿಯನ್ನು ಎಳೆಯಿರಿ. ಒರೆಸಿ, ಮತ್ತೆ ಇಳಿಬಿಟ್ಟು ನೋಡಿರಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಕೆಳಗಿನ ಗುರುತಿಗೆ ಇಳಿದಿದ್ದರೆ ಅದೇ ದರ್ಜೆಯ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ಮೇಲಿನ ಗುರುತು ಮೀರಿದರೂ ಕೆಡುಕೇ. ಎಣ್ಣೆ ಕಡೆದಂತಾಗಿ ನೊರೆಯೇಳುತ್ತದೆ. ಎಣ್ಣೆಯ ಬಣ್ಣ ಕಪ್ಪಾಯಿತೆಂದು ಗಾಬರಿಯಾಗಬೇಕಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆಯೂ ಬೇಗ ಕಪ್ಪಾಗುವುದು ಸಹಜ. ಆದರೆ ಹಾಲು ಬೆರೆತಂತೆ ಬಿಳುಪಾದರೆ ನೀರು ಸೇರಿದೆಯೆಂದು ತಿಳಿದು ಕೂಡಲೆ ಮೇಸ್ತ್ರಿಯವರಿಗೆ ತೋರಿಸಬೇಕು. ಎಣ್ಣೆಯನ್ನು ಮುದ್ರೆ ಒಡೆಯದ ಡಬ್ಬಿಯಲ್ಲಿಯೇ, ಬಿಲ್ಲು ಸಹಿತ ಕೊಳ್ಳಿರಿ. ಕೆಂಪು ದೀಪ ಹೊತ್ತಿದರೆ ಅಲ್ಲಿಯೇ ನಿಲ್ಲಿಸಿ ಎಂಜಿನ್ ಆರಿಸಿರಿ. ಲಗ್ನವಿರಲಿ, ಜಾತ್ರೆಯಿರಲಿ, ಮುಂದಿನ ಊರೆಂಬ ಮಾತು ಬೇಡ.

ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೂ ಹಿತ್ತಲಿಗೂ ಬಾವಿಯ ಬಳಿಗೂ ಸುರಿಯಬಾರದು. ಕಾನೂನಿನ ದೃಷ್ಟಿಯಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಚರ್ಮಕ್ಕೂ ಕೇಡು, ನೀರಿಗೂ ಕೇಡು. ವೇದಾವತಿಯ ನೀರನ್ನೇ ನಂಬಿದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಕಾರ್ಖಾನೆಯವರಿಗೆ ಹಿಂದಿರುಗಿಸಿದರೆ ಅಧಿಕೃತ ಶುದ್ಧೀಕರಣದವರಿಗೆ ತಲುಪಿಸುವ ವ್ಯವಸ್ಥೆಯುಂಟು.

ಮತ್ತೋಡಿನ ಆ ಮನೆಯ ಮಗಳು ಒಂದು ವರ್ಷ ತಡವಾಗಿ ಕಾಲೇಜು ಸೇರಿದಳು. ಆ ಶುಲ್ಕದ ಒಂದು ಪಾಲನ್ನು ನಾವು ಹೊತ್ತೆವು. ಕಳೆದ ವರ್ಷವನ್ನು ಹಿಂದಕ್ಕೆ ಕೊಡುವುದು ನಮ್ಮಿಂದಾಗಲಿಲ್ಲ. ಈಗ ಪ್ರತಿ ಸೋಮವಾರ ಬೆಳಿಗ್ಗೆ ಅಂಗಳ ಸಾರಿಸಿದ ಮೇಲೆ ಅವಳೇ ಕಾರಿನ ಮುಚ್ಚಳ ತೆರೆದು ಕಡ್ಡಿ ಎಳೆದು ನೋಡುತ್ತಾಳೆ. ನಾವು ಅಲ್ಲಿಗೆ ಹೋದಾಗಲೆಲ್ಲ, "ಎಣ್ಣೆ ಸರಿಯಿದೆ ಅಜ್ಜಾ, ಇನ್ನು ಹೊರಡಬಹುದು" ಎಂದು ನಗುತ್ತಾಳೆ. ಅವಳು ಹಾಗೆ ಹೇಳುವವರೆಗೆ ನಾವು ಕಾರಿನೊಳಗೆ ಕಾಲಿಡುವುದಿಲ್ಲ.