ಅತ್ತೆಯ ಹೆಪ್ಪು, ಲೆನ್‌ಸ್ಕಿಯ ಫ್ಲಾಸ್ಕು

ಹುಬ್ಬಳ್ಳಿ ಕಡೆಯಿಂದ ಬಂದು ಕುಳಗೇರಿ ಕ್ರಾಸಿನಲ್ಲಿ ಇಳಿದು, ಬಾದಾಮಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿ ಬನಶಂಕರಿ ಗುಡಿಯ ಮುಂದೆ ರೊಟ್ಟಿ, ಮೊಸರು ಮಾರುವವರು. ಪುಟ್ಟ ಗಡಿಗೆಯ ಮೊಸರು ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ.

‘ಹೆಪ್ಪು ಎಲ್ಲಿಂದ ತರ್ತೀರಿ ಯವ್ವಾ?’

‘ನಮ್ಮತ್ತಿ ಕೊಟ್ಟಿದ್ದು ತಮ್ಮಾ. ನಲವತ್ತು ವರ್ಷಾತು. ರಾತ್ರಿ ಒಂದ್ ಚಮಚಾ ತಗದು ಹೊಸಾ ಹಾಲಿಗೆ ಹಾಕೋದು, ಅಷ್ಟ. ಕೆಟ್ರ ಬಾಜೂ ಮನಿಯಿಂದ ಈಸ್ಕೊಳ್ಳೋದು. ಅವರಿಗೂ ನಾನ ಕೊಟ್ಟಿದ್ದು.’

ಇಷ್ಟೇ ಕೆಲಸವನ್ನು ಅಮೆರಿಕದ ವಿಜ್ಞಾನಿ ರಿಚರ್ಡ್ ಲೆನ್‌ಸ್ಕಿ 1988ರ ಫೆಬ್ರುವರಿ 24ರಂದು ಶುರುಮಾಡಿದರು. ಒಂದೇ ಮೂಲದ ಇ. ಕೋಲೈ ಬ್ಯಾಕ್ಟೀರಿಯಾವನ್ನು 12 ಫ್ಲಾಸ್ಕುಗಳಿಗೆ ಹಾಕಿದರು. ಒಂದೊಂದರಲ್ಲೂ 10 ಮಿ.ಲೀ. ದ್ರವ, ಅದರಲ್ಲಿ ಚೂರೇ ಚೂರು ಗ್ಲೂಕೋಸ್. ಮರುದಿನ ನೂರರಲ್ಲಿ ಒಂದು ಪಾಲನ್ನು ಹೊಸ ಫ್ಲಾಸ್ಕಿಗೆ ದಾಟಿಸಬೇಕು. ಆ ಒಂದು ಪಾಲು ಮತ್ತೆ ನೂರಾಗುವ ಹೊತ್ತಿಗೆ ಆರೇಳು ತಲೆಮಾರು ಉರುಳಿರುತ್ತದೆ. ಎಡವಟ್ಟಾದರೆ ಇರಲಿ ಎಂದು ನಿನ್ನೆಯ ಫ್ಲಾಸ್ಕನ್ನು ಫ್ರಿಜ್ಜಿನಲ್ಲಿ ಇಟ್ಟಿರುತ್ತಾರೆ; ಅದೇ ಅವರ ಬಾಜೂ ಮನೆ. 2022ರಲ್ಲಿ ಲೆನ್‌ಸ್ಕಿ ಈ ಹೆಪ್ಪನ್ನು ಟೆಕ್ಸಾಸಿನ ವಿಜ್ಞಾನಿ ಜೆಫ್ರಿ ಬ್ಯಾರಿಕ್ ಕೈಗೆ ಒಪ್ಪಿಸಿದಾಗ ಸುಮಾರು 75,000 ತಲೆಮಾರು ಆಗಿತ್ತು.

ಹನ್ನೆರಡೂ ಫ್ಲಾಸ್ಕಿನ ಮರಿಮಕ್ಕಳು ಮೂಲಪುರುಷನಿಗಿಂತ ಬೇಗ ಬೆಳೆಯುವಂತಾದರು, ಗಾತ್ರದಲ್ಲೂ ದೊಡ್ಡವರಾದರು. ಬೆರಗು ಹುಟ್ಟಿಸಿದ್ದು ಮಾತ್ರ ಒಂದೇ ಫ್ಲಾಸ್ಕು. ದ್ರವದಲ್ಲಿ ಸಿಟ್ರೇಟ್ ಧಾರಾಳವಾಗಿತ್ತು. ಆದರೆ ಗಾಳಿಯಾಡುವಲ್ಲಿ ಇ. ಕೋಲೈ ಅದನ್ನು ತಿನ್ನಲಾರದು. ಎದುರಿಗೇ ಎಡೆಯಿಟ್ಟಿದ್ದರೂ ಉಪವಾಸ. ಸುಮಾರು 33,000ನೇ ತಲೆಮಾರಿನಲ್ಲಿ ಆ ಒಂದು ಫ್ಲಾಸ್ಕು ಇದ್ದಕ್ಕಿದ್ದಂತೆ ಮಬ್ಬಾಯಿತು. ಅದರೊಳಗಿನವು ಸಿಟ್ರೇಟ್ ತಿನ್ನಲು ಕಲಿತಿದ್ದವು. ಗಾಳಿಯಿಲ್ಲದಾಗ ಮಾತ್ರ ಕೆಲಸ ಮಾಡುವ ಜೀನೊಂದು ಎರಡಾಗಿ, ಅದರ ಒಂದು ಪ್ರತಿಗೆ ಗಾಳಿಯಿದ್ದಾಗಲೂ ಚಾಲೂ ಆಗುವ ಗುಂಡಿ ಸಿಕ್ಕಿತ್ತು.

ಇದು ಬರೀ ಅದೃಷ್ಟವೇ? ಉತ್ತರ ಫ್ರೀಜರಿನಲ್ಲಿತ್ತು. ಪ್ರತಿ 500 ತಲೆಮಾರಿಗೊಮ್ಮೆ, ಅಂದರೆ 75 ದಿನಕ್ಕೊಮ್ಮೆ, ಮಾದರಿಗಳನ್ನು ಹೆಪ್ಪುಗಟ್ಟಿಸಿ ಇಡುತ್ತಾರೆ. ಕರಗಿಸಿದರೆ ಅವು ಮತ್ತೆ ಜೀವಂತ. ಸಂಶೋಧಕ ಝಾಕರಿ ಬ್ಲೌಂಟ್ ಆ ಪೂರ್ವಜರನ್ನು ಎಬ್ಬಿಸಿ ಮತ್ತೆ ಬೆಳೆಸಿದರು. 20,000ನೇ ತಲೆಮಾರಿಗಿಂತ ಹಳೆಯವು ಸಿಟ್ರೇಟ್ ಮುಟ್ಟಲೇ ಇಲ್ಲ. ಆಮೇಲಿನವುಗಳಲ್ಲಿ ಕೆಲವು ಮತ್ತೆ ಕಲಿತವು. ಯಾರ ಕಣ್ಣಿಗೂ ಬೀಳದ ಹಳೆಯ ಬದಲಾವಣೆಯೊಂದು ಮೊದಲೇ ನೆಲ ಹದಮಾಡಿತ್ತು ಎಂದಾಯಿತು. 2008ರಲ್ಲಿ ಇದು ಪ್ರಕಟವಾಯಿತು.

ನಮ್ಮಲ್ಲೂ ಇಂಥ ತಾಳ್ಮೆಯ ಕೆಲಸ ನಡೆದಿದೆ, ಬ್ಯಾಕ್ಟೀರಿಯಾ ಬದಲು ಹಣ್ಣಿನ ನೊಣದಲ್ಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎನ್.ಬಿ. ರಾಮಚಂದ್ರ ಮತ್ತು ಎಚ್.ಎ. ರಂಗನಾಥ್, 8 ವರ್ಣತಂತುಗಳ ಡ್ರಾಸೊಫಿಲಾ ನಸೂಟಾವನ್ನೂ 6 ವರ್ಣತಂತುಗಳ ಆಲ್ಬೊಮಿಕಾನ್ಸನ್ನೂ ಕೂಡಿಸಿ, ಸಂತತಿಯನ್ನು ತಲೆಮಾರುಗಟ್ಟಲೆ ಸೀಸೆಯಿಂದ ಸೀಸೆಗೆ ದಾಟಿಸಿದರು. ತಂದೆಯಂತೆಯೂ ಅಲ್ಲದ, ತಾಯಿಯಂತೆಯೂ ಅಲ್ಲದ ವರ್ಣತಂತು ಜೋಡಣೆಯ ಹೊಸ ಬಳಗಗಳು ನೆಲೆಗೊಂಡವು. 1986ರಲ್ಲಿ ಅದರ ವರದಿ ಬಂತು. ‘ಸೈಟೋರೇಸ್’ ಎಂದು ಅವಕ್ಕೆ ಹೆಸರಾಯಿತು.

ಬಾದಾಮಿ ಬಸ್ಸು ಇನ್ನೂ ಬಂದಿರಲಿಲ್ಲ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅಜ್ಜಿಯ ಹೆಪ್ಪೂ ರಾತ್ರಿಗೆ ನೂರು ಪಟ್ಟು ಬೆಳೆಯುತ್ತದೆ ಎಂದುಕೊಂಡರೆ, 40 ವರ್ಷಕ್ಕೆ ಸುಮಾರು 97,000 ತಲೆಮಾರು! ಲೆನ್‌ಸ್ಕಿಯ ಫ್ಲಾಸ್ಕು ಆಕೆಯ ಗಡಿಗೆಗಿಂತ ಹಿಂದೆಯೇ ಉಳಿದಿತ್ತು.

‘ಅತ್ತಿ ಕಾಲದ ಮೊಸರಿನಂಗ ಐತೇನು ಯವ್ವಾ ಇದು?’

ಅಜ್ಜಿ ನಕ್ಕರು. ‘ಹೆಂಗ್ ಹೇಳ್ಲೋ ತಮ್ಮಾ? ಆ ಗಡಿಗಿ ತೊಳದಿಟ್ಟು ಯಾವ ಕಾಲಾತು.’