ಸಸ್ತನಿ ಜೀವಕೋಶಗಳಲ್ಲಿ ಸ್ವಭಕ್ಷಣೆ ಮತ್ತು ಪ್ರೋಟೀನ್ ಉತ್ಪಾದನೆ

ವಯಸ್ಕ ಮಾನವನ ದೇಹದಲ್ಲಿ ದಿನವೊಂದಕ್ಕೆ ಸುಮಾರು 250ರಿಂದ 300 ಗ್ರಾಂಗಳಷ್ಟು ಪ್ರೋಟೀನ್ ಹೊಸದಾಗಿ ತಯಾರಾಗುತ್ತದೆ. ಆಹಾರದಿಂದ ಒದಗುವ ಪ್ರೋಟೀನಾದರೋ ಸಾಮಾನ್ಯವಾಗಿ ಇದಕ್ಕಿಂತ ಬಹಳ ಕಡಿಮೆ. ಕೊರತೆಯನ್ನು ತುಂಬುವುದು ಹಳೆಯ ಪ್ರೋಟೀನುಗಳು ಒಡೆದಾಗ ದೊರೆಯುವ ಅಮೈನೊ ಆಮ್ಲಗಳು. ದೇಹದ ಪ್ರೋಟೀನುಗಳು ಸ್ಥಿರವಾಗಿರದೆ ಸತತವಾಗಿ ಒಡೆದು ಮರಳಿ ಕಟ್ಟಲ್ಪಡುತ್ತವೆ ಎಂಬುದನ್ನು ರುಡಾಲ್ಫ್ ಶೋನ್‌ಹೈಮರ್ ಅವರು 1930ರ ದಶಕದ ಕೊನೆಯಲ್ಲಿ ಭಾರ ನೈಟ್ರೋಜನ್ ಬಳಸಿ ತೋರಿಸಿದ್ದರು. ಆದರೂ ಸಂಶೋಧಕರ ಗಮನ ಬಹುಕಾಲ ಕಟ್ಟುವ ಕ್ರಿಯೆಯಲ್ಲಿಯೇ ನೆಟ್ಟಿತ್ತು.

ಒಡೆಯುವ ಮಾರ್ಗಗಳು ಮುಖ್ಯವಾಗಿ ಎರಡು. ಯುಬಿಕ್ವಿಟಿನ್ ಎಂಬ ಕಿರುಪ್ರೋಟೀನಿನ ಗುರುತು ಪಡೆದವುಗಳನ್ನು ಪ್ರೋಟಿಯಸೋಮ್ ಒಂದೊಂದಾಗಿ ಕತ್ತರಿಸುತ್ತದೆ. ಎರಡನೆಯದು ಸಗಟು ವ್ಯವಹಾರ: ಕೋಶರಸದ ಒಂದು ಪಾಲನ್ನು, ಅದರೊಳಗಿನ ಮೈಟೊಕಾಂಡ್ರಿಯ ಮತ್ತು ರೈಬೊಸೋಮುಗಳ ಸಮೇತ, ಎರಡು ಪದರಗಳ ಪೊರೆಯೊಂದು ಸುತ್ತಿಕೊಂಡು ಚೀಲವಾಗುತ್ತದೆ, ಚೀಲವು ಲೈಸೊಸೋಮಿನೊಡನೆ ಬೆಸೆದಾಗ ಕಿಣ್ವಗಳು ಒಳಗಿನದನ್ನು ಜೀರ್ಣಿಸುತ್ತವೆ. 1963ರಲ್ಲಿ ಕ್ರಿಶ್ಚಿಯನ್ ಡಿ ಡೂವ್ ಅವರು ಇದಕ್ಕೆ ಆಟೊಫ್ಯಾಜಿ, ಅಂದರೆ ಸ್ವಭಕ್ಷಣೆ, ಎಂದು ಹೆಸರಿಟ್ಟರು. ಹೆಸರು ಆತ್ಮನಾಶವನ್ನು ಸೂಚಿಸುವಂತಿದ್ದರೂ ಕ್ರಿಯೆಯ ಫಲ ಬಹುತೇಕ ಅದಕ್ಕೆ ವಿರುದ್ಧವಾದುದು. ಇದನ್ನು ನಡೆಸುವ ಜೀನುಗಳನ್ನು 1990ರ ದಶಕದಲ್ಲಿ ಯೀಸ್ಟಿನಲ್ಲಿ ಗುರುತಿಸಿದ ಯೋಶಿನೊರಿ ಓಸುಮಿ ಅವರಿಗೆ 2016ರ ನೊಬೆಲ್ ಪ್ರಶಸ್ತಿ ಸಂದಿತು.

ಒಡೆಯುವಿಕೆ ಮತ್ತು ಕಟ್ಟುವಿಕೆಗಳ ಸಂಧಿಸ್ಥಾನದಲ್ಲಿರುವುದು ಎಂಟಾರ್ ಎಂಬ ಕಿಣ್ವ. ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ರಪಮೈಸಿನ್ ಎಂಬ ಔಷಧಿಗೆ ಗುರಿಯಾಗುವುದರಿಂದ ಅದಕ್ಕೆ ಆ ಹೆಸರು. ಅಮೈನೊ ಆಮ್ಲಗಳು ಹೇರಳವಾಗಿದ್ದಾಗ ಎಂಟಾರ್ ಲೈಸೊಸೋಮಿನ ಹೊರಮೈಗೆ ಬಂದು ಚುರುಕಾಗುತ್ತದೆ. ರೈಬೊಸೋಮುಗಳ ಕೆಲಸಕ್ಕಿರುವ ತಡೆಯನ್ನು ತೆಗೆದು, ಅದೇ ವೇಳೆಗೆ ಸ್ವಭಕ್ಷಣೆಯನ್ನು ಆರಂಭಿಸುವ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತದೆ. ಪೋಷಕಾಂಶ ಬತ್ತಿದೊಡನೆ ಇವೆರಡೂ ತಿರುವುಮುರುವಾಗುತ್ತವೆ. ಹಾಗಾದರೆ ಸ್ವಭಕ್ಷಣೆಯು ಪ್ರೋಟೀನ್ ಉತ್ಪಾದನೆಯ ಪ್ರತಿಸ್ಪರ್ಧಿ ಎಂದು ತೋರಬಹುದು. 2010ರಲ್ಲಿ ಪ್ರಕಟವಾದ ಪ್ರಯೋಗಗಳು ಈ ತೀರ್ಮಾನವನ್ನು ಸಡಿಲಗೊಳಿಸಿದವು. ಉಪವಾಸಕ್ಕೊಳಪಡಿಸಿದ ಇಲಿಯ ಮೂತ್ರಪಿಂಡದ ಕೋಶಗಳಲ್ಲಿ ಮೊದಲು ಸುಮ್ಮನಾದ ಎಂಟಾರ್, ಹೊರಗಿನಿಂದ ಆಹಾರ ದೊರೆಯದಿದ್ದರೂ ಕೆಲವು ತಾಸುಗಳ ಬಳಿಕ ಮರಳಿ ಎಚ್ಚೆತ್ತಿತು. ಒಳಗೇ ಜೀರ್ಣಗೊಂಡ ಸಾಮಗ್ರಿಯು ಅದನ್ನು ಎಬ್ಬಿಸಿತ್ತು.

ಇದು ಗಾಜಿನ ತಟ್ಟೆಗೆ ಸೀಮಿತವಾದ ಸಂಗತಿಯಲ್ಲ. ಜನನದೊಡನೆ ಜರಾಯುವಿನ ಪೋಷಣೆ ನಿಂತಾಗ ಮರಿ ಇಲಿಗಳ ಅಂಗಾಂಶಗಳಲ್ಲಿ ಸ್ವಭಕ್ಷಣೆ ಏರುತ್ತದೆ. ಅದಕ್ಕೆ ಬೇಕಾದ ಎಟಿಜಿ5 ಜೀನ್ ಇಲ್ಲದ ಮರಿಗಳು ಸಹಜವಾಗಿ ಹುಟ್ಟಿದಂತೆ ಕಂಡರೂ ಒಂದು ದಿನದೊಳಗೆ ಸಾಯುತ್ತವೆ ಎಂದು 2004ರಲ್ಲಿ ಜಪಾನಿನ ಸಂಶೋಧಕರು ವರದಿ ಮಾಡಿದರು. ಅವುಗಳ ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಅಮೈನೊ ಆಮ್ಲಗಳ ಮಟ್ಟ ಕುಸಿದಿತ್ತು.

ಔಷಧಿ ತಯಾರಿಕೆಯಲ್ಲಿ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಚೀನೀ ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ 1950ರ ದಶಕದಲ್ಲಿ ಬೇರ್ಪಡಿಸಿ ಬೆಳೆಸಿದ ಕೋಶಗಳು ಇಂದು ಅನೇಕ ಪ್ರೋಟೀನ್ ಔಷಧಿಗಳ ಮೂಲ. ಬೆಂಗಳೂರಿನ ಬಯೋಕಾನ್ ಸಂಸ್ಥೆ ಸ್ತನ ಕ್ಯಾನ್ಸರ್ ಚಿಕಿತ್ಸೆಗಾಗಿ ತಯಾರಿಸುವ ಟ್ರಾಸ್ಟುಜುಮ್ಯಾಬ್ ಸಹ ಇವುಗಳಿಂದಲೇ ಬರುತ್ತದೆ. ಕೃಷಿಯ ಕೊನೆಯ ದಿನಗಳಲ್ಲಿ, ಗ್ಲುಟಮಿನ್ ಮೊದಲಾದ ಪೋಷಕಗಳು ಕರಗಿದಂತೆ, ಈ ಕೋಶಗಳಲ್ಲಿ ಸ್ವಭಕ್ಷಣೆ ಹೆಚ್ಚುತ್ತದೆ. ಅದನ್ನು 3-ಮೀಥೈಲ್‌ಅಡೆನಿನ್‌ನಿಂದ ತಡೆದಾಗ, ರಕ್ತದ ಹೆಪ್ಪು ಕರಗಿಸುವ ಟಿಪಿಎ ಪ್ರೋಟೀನಿನ ಇಳುವರಿ ಹೆಚ್ಚಿತೆಂದು 2012ರ ಅಧ್ಯಯನವೊಂದು ತಿಳಿಸಿತು. ಅದೇ ವರ್ಷದ ಮತ್ತೊಂದು ಅಧ್ಯಯನದಲ್ಲಿ ರಪಮೈಸಿನ್‌ನಿಂದ ಸ್ವಭಕ್ಷಣೆಯನ್ನು ಪ್ರಚೋದಿಸಿದಾಗ ಇದೇ ಬಗೆಯ ಕೋಶಗಳ ಸಾವು ತಡವಾಯಿತು. ಎರಡನ್ನೂ ವಿರೋಧಾಭಾಸವೆಂದು ತಳ್ಳಬೇಕಾಗಿಲ್ಲ: ಒಂದರಲ್ಲಿ ಅಳೆದದ್ದು ಇಳುವರಿ, ಮತ್ತೊಂದರಲ್ಲಿ ಆಯುಸ್ಸು. ಮೇಲಾಗಿ ಈ ರಾಸಾಯನಿಕಗಳ ಪರಿಣಾಮ ಸ್ವಭಕ್ಷಣೆಗಷ್ಟೇ ಸೀಮಿತವಲ್ಲ. ರಪಮೈಸಿನ್ ಎಂಟಾರನ್ನು ತಡೆಯುವುದರಿಂದ ಪ್ರೋಟೀನ್ ಕಟ್ಟುವಿಕೆಯನ್ನೂ ತಗ್ಗಿಸಬಲ್ಲದು. 3-ಮೀಥೈಲ್‌ಅಡೆನಿನ್ ಕೋಶದ ಇತರ ಸಂಜ್ಞಾಮಾರ್ಗಗಳನ್ನೂ ಕದಡುತ್ತದೆ. ಆದಕಾರಣ ಸ್ವಭಕ್ಷಣೆಯ ಜೀನುಗಳನ್ನೇ ನೇರವಾಗಿ ಮಾರ್ಪಡಿಸಿದ ಕೋಶಗಳಲ್ಲಿ, ಕೃಷಿಯ ಬೇರೆ ಬೇರೆ ದಿನಗಳಂದು ಇಳುವರಿ ಮತ್ತು ಆಯುಸ್ಸುಗಳೆರಡನ್ನೂ ಒಟ್ಟಿಗೆ ಅಳೆಯುವ ಪ್ರಯೋಗಗಳಿಗೆ ಹೆಚ್ಚಿನ ಬೆಲೆ ಕೊಡಬೇಕಾಗುತ್ತದೆ.