ಲೆಚ್ಚೆ ನಗರದ ಬರೋಕ್ ವಾಸ್ತು: ಕಲ್ಲು, ಮಠ ಮತ್ತು ಬೀದಿ

ಹದಿನೇಳನೆಯ ಶತಮಾನದ ರೋಮಿನಲ್ಲಿ ಪಕ್ವವಾದ ಬರೋಕ್ ಶೈಲಿಗೆ ಬಾಗಿ ಬಳುಕುವ ಗೋಡೆ, ಅಂಡಾಕಾರದ ತಲವಿನ್ಯಾಸ, ನೆಳಲುಬೆಳಕಿನ ಚಲನೆ ಇವು ಮುಖ್ಯ ಲಕ್ಷಣಗಳೆಂದು ಹೇಳುವುದು ರೂಢಿ. ದಕ್ಷಿಣ ಇಟಲಿಯ ಲೆಚ್ಚೆ ನಗರವನ್ನು ಇದೇ ಅಳತೆಗೋಲಿನಿಂದ ಅಳೆದವರು, ಅಲ್ಲಿಯದು ಕೇವಲ ಅಲಂಕಾರದ, ಪ್ರಾಂತೀಯವಾದ ಬರೋಕ್ ಎಂದು ತೀರ್ಮಾನಿಸುವುದುಂಟು. ಈ ತೀರ್ಮಾನವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ಪರಿಶೀಲಿಸಬಹುದು.

ಲೆಚ್ಚೆಯ ಪ್ರಧಾನ ನಿದರ್ಶನವೆಂದರೆ ಸಾಂತಾ ಕ್ರೋಚೆ, ಅಂದರೆ ಪವಿತ್ರ ಶಿಲುಬೆಯ ಚರ್ಚು, ಮತ್ತು ಅದಕ್ಕೆ ತಾಗಿಕೊಂಡಿರುವ ಸೆಲೆಸ್ಟೈನ್ ಸಂನ್ಯಾಸಿಗಳ ಮಠ. ಆಗ ನೇಪಲ್ಸ್ ರಾಜ್ಯವು ಸ್ಪೇನಿನ ಅಧೀನದಲ್ಲಿತ್ತು. 1480ರಲ್ಲಿ ಸಮೀಪದ ಒತ್ರಾಂತೊ ಪಟ್ಟಣವು ತುರ್ಕರ ವಶವಾದ ನೆನಪು ಇನ್ನೂ ಮಾಸಿರಲಿಲ್ಲ. ಐದನೆಯ ಚಾರ್ಲ್ಸ್ ಚಕ್ರವರ್ತಿಯು ಲೆಚ್ಚೆಯಲ್ಲಿ ಕೋಟೆಯನ್ನು ಕಟ್ಟಿಸಿದಾಗ ಸಂನ್ಯಾಸಿಗಳ ಹಳೆಯ ಮಠ ನೆಲಸಮವಾಯಿತು. 1549ರಲ್ಲಿ ಈಗಿನ ಸ್ಥಳದಲ್ಲಿ ಹೊಸ ಕೆಲಸ ಆರಂಭವಾಗಿ, 1695ರವರೆಗೂ ನಡೆಯಿತು. ಗಾಬ್ರಿಯೆಲೆ ರಿಕ್ಕಾರ್ದಿ, ಫ್ರಾಂಚೆಸ್ಕೊ ಆಂತೊನಿಯೊ ಜಿಂಬಾಲೊ, ಚೇಸರೆ ಪೆನ್ನ, ಜುಸೆಪ್ಪೆ ಜಿಂಬಾಲೊ ಇವರೆಲ್ಲರ ಕೈವಾಡ ಅದರಲ್ಲಿದೆ.

ಚರ್ಚಿನ ಒಳಗೆ ಪುನರುಜ್ಜೀವನ ಕಾಲದ ಶಾಂತ ವಿನ್ಯಾಸವೇ ಉಳಿದಿದೆ: ಸಾಲುಗಂಬಗಳು, ನೇರವಾದ ಅಂಕಣಗಳು, ಮಟ್ಟಸವಾದ ಮರದ ಮಾಡು. ಹೊರಗಿನ ಮುಖಭಿತ್ತಿಯ ಮಾತೇ ಬೇರೆ. ಕೆಳಗಿನ ಅಂತಸ್ತಿನ ಮೇಲೆ ಚಾಚಿರುವ ಕಟಾಂಜನವನ್ನು ಮನುಷ್ಯರೂ ಪ್ರಾಣಿಗಳೂ ಬೆನ್ನುಕೊಟ್ಟು ಹೊತ್ತಿದ್ದಾರೆ. ಹೊರುವವರಲ್ಲಿ ತುರ್ಕರ ವೇಷದವರೂ ಇರುವುದನ್ನು 1571ರ ಲೆಪಾಂಟೊ ನೌಕಾಯುದ್ಧದ ವಿಜಯದೊಡನೆ ಸಂಬಂಧಿಸುವುದು ವಾಡಿಕೆ. ಮೇಲೆ ದೊಡ್ಡ ಚಕ್ರಾಕಾರದ ಗವಾಕ್ಷವನ್ನು ಎಲೆ, ಹಣ್ಣು, ದೇವಶಿಶುಗಳ ಬಳೆಗಳು ಸುತ್ತುವರಿದಿವೆ.

ಈ ಭೇದಕ್ಕೆ ಮೊದಲ ಕಾರಣ ಕಲ್ಲು. ಲೆಚ್ಚೆಯ ಸುಣ್ಣಕಲ್ಲು ನಯವಾದ ಕಣದ್ದು, ಹೊಂಬಣ್ಣದ್ದು. ಗಣಿಯಿಂದ ತೆಗೆದಾಗ ಮರದಂತೆ ಕೆತ್ತಲು ಬರುವಷ್ಟು ಮೃದುವಾದುದು. ಎರಡನೆಯ ಕಾರಣ ಮಠಗಳ ಪೈಪೋಟಿ. ಜೆಸೂಯಿಟರು, ತಿಯಾಟೈನರು, ಸೆಲೆಸ್ಟೈನರು ಮೊದಲಾದ ಪಂಗಡದವರು ಒಂದೇ ಕೋಟೆಯೊಳಗೆ ಸಮೀಪ ಸಮೀಪದಲ್ಲಿ ಕಟ್ಟಿಸುತ್ತಿದ್ದರು. ಇಕ್ಕಟ್ಟಾದ ಬೀದಿಯಲ್ಲಿ ನಡೆಯುವವನ ಕಣ್ಣಿಗೆ ಬೀಳುವುದು ಮುಖಭಿತ್ತಿಯೊಂದೇ. ಆದುದರಿಂದ ಅವರ ಸಂಪತ್ತೂ ಬೋಧೆಯೂ ಅಲ್ಲಿಯೇ ಪ್ರಕಟವಾದವು.

ರೋಮಿನ ಮಾದರಿ ಇಲ್ಲಿಯವರಿಗೆ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. 1667ರಲ್ಲಿ ಆರಂಭವಾದ ಸಾನ್ ಮತ್ತೆಯೊ ಚರ್ಚಿನಲ್ಲಿ ಆಕಿಲ್ಲೆ ಲಾರ್ದುಚ್ಚಿಯು ಕೆಳಗೆ ಉಬ್ಬಿದ, ಮೇಲೆ ತಗ್ಗಿದ ಗೋಡೆಯನ್ನು ನಿಲ್ಲಿಸಿದನು. ರೋಮಿನ ಬೊರ್ರೊಮಿನಿಯ ಪ್ರಭಾವ ಅಲ್ಲಿ ಸ್ಪಷ್ಟವಾಗಿದೆ. ಆ ಮೇಲೆಯೂ ಸಾಂತಾ ಕ್ರೋಚೆಯ ಕೆಲಸ ತನ್ನ ಹಳೆಯ ಜಾಡಿನಲ್ಲಿಯೇ ಸಾಗಿತು. ಇದು ಅಜ್ಞಾನವಲ್ಲ, ಆಯ್ಕೆ.

1807ರಲ್ಲಿ ನೆಪೋಲಿಯನ್ ಮನೆತನದ ಆಳ್ವಿಕೆಯು ಸೆಲೆಸ್ಟೈನ್ ಪಂಗಡವನ್ನು ರದ್ದುಗೊಳಿಸಿತು. ಸಂನ್ಯಾಸಿಗಳ ಮಠ ಕಾಲಾನಂತರ ಸರ್ಕಾರಿ ಕಚೇರಿಗಳಿಗೆ ಮನೆಯಾಯಿತು. ಕೆತ್ತನೆಗೆ ಒದಗಿದ ಕಲ್ಲಿನ ಮೃದುತ್ವವೇ ಅದರ ಶತ್ರುವೂ ಹೌದು: ಉಪ್ಪುಗಾಳಿಯೂ ತೇವವೂ ಅದನ್ನು ಸವೆಯಿಸುತ್ತವೆ. ಒಳವಿನ್ಯಾಸವನ್ನಷ್ಟೇ ಕಲೆಯೆಂದೆಣಿಸಿ ಹೊರಮೈಯನ್ನು ಬರಿಯ ಸಿಂಗಾರವೆಂದು ತಳ್ಳಿಹಾಕಿದರೆ, ಮೊದಲು ಅಳಿಯತಕ್ಕದ್ದನ್ನೇ ನಾವು ಅಲಕ್ಷಿಸಿದಂತಾಗುತ್ತದೆ. ರಾಜಧಾನಿಯ ಅಳತೆಗೋಲಿನಿಂದ ಪ್ರಾಂತದ ಕಲೆಯನ್ನು ಅಳೆಯುವ ಮುನ್ನ, ಆ ಕಲೆ ಯಾರ ಕಣ್ಣಿಗಾಗಿ, ಯಾವ ಕಲ್ಲಿನಲ್ಲಿ ಹುಟ್ಟಿತೆಂದು ಚರಿತ್ರೆಯ ವಿದ್ಯಾರ್ಥಿಯು ಕೇಳಬೇಕಾದುದು ಅವಶ್ಯ.